ಸುಣ್ಣದ ಬಾಗಿಲು

ವೇದಿಕೆಯ ಮೇಲೆ ಮೊಟ್ಟೆ ಎನ್ನಬಾರದು ಎಂದು ಅಮ್ಮನ ಫೋನು ಬಂದಾಗ ನಿಶ್ಮಿತಾ ಮೊಟ್ಟೆಯನ್ನೇ ನೋಡುತ್ತಿದ್ದಳು. ಖಾರಘರದ ಸಂಶೋಧನಾಲಯದ ಕತ್ತಲೆ ಕೋಣೆ. ಸೂಕ್ಷ್ಮದರ್ಶಕದ ಕೆಳಗೆ ಹೆಣ್ಣಿಲಿಯೊಂದರ ಮೊಟ್ಟೆಗಳು ಪಾಯಸದಲ್ಲಿ ಬೆಂದ ಸಾಬಕ್ಕಿಯ ಹಾಗೆ, ಒಳಗೊಂದು ಬೆಳಕನ್ನು ಇಟ್ಟುಕೊಂಡು, ಸುಮ್ಮನೆ ಮಲಗಿದ್ದವು. ಹೊರಗೆ ಭಾನುವಾರ. ಭಾನುವಾರ ಎಂಬುದೊಂದಿದೆಯೆಂದು ಇಲಿಗಳಿಗೆ ತಿಳಿಯದು. ಮೇಲ್ವಿಚಾರಕರಾದ ಅನೀಶ ಸರ್‌ಗೆ ತಿಳಿದಿದ್ದರೂ ಅವರು ಅದನ್ನು ತಮ್ಮ ಮನೆಯ ಮಟ್ಟಿಗೆ ಮಾತ್ರ ಆಚರಿಸುತ್ತಿದ್ದರು.

"ಕೇಳ್ತಾ ಉಂಟಾ? ಮೊಟ್ಟೆ ಅಂತ ಹೇಳ್ಬೇಡ ಅಂತೆ. ನೀಲಗಂಗಕ್ಕ ಈಗಷ್ಟೇ ಫೋನ್ ಮಾಡಿದ್ರು. ಅರಸಿನ-ಕುಂಕುಮದ ಕಾರ್ಯಕ್ರಮ ಅಲ್ವಾ, ಬರುವವರಲ್ಲಿ ಅರ್ಧ ಜನ ನೀರುಳ್ಳಿ ಸಹ ಮುಟ್ಟುವುದಿಲ್ಲ."

"ಮತ್ತೆ ನನ್ನನ್ನು ಯಾಕೆ ಕರೆದದ್ದು ಅಮ್ಮ? ನನ್ನ ಕೆಲಸವೇ ಅದರದ್ದಲ್ಲವಾ?"

"ಬೇರೆ ಎಂತಾದರೂ ಹೇಳು ಮಾರಾಯ್ತಿ. ಗರ್ಭ ಅಂತ ಹೇಳು. ಗರ್ಭಕ್ಕೆ ತೊಂದರೆ ಇಲ್ಲ ಅಂತೆ. ಮತ್ತೆ, ಮಕ್ಕಳಾಗಲಿ ಅಂತ ನಿನ್ನ ಅತ್ತಿಗೆ ಸ್ನೇಹಲ್‌ಗೆ ಉಡಿ ತುಂಬುವುದು ನಿನ್ನ ಕೈಯಲ್ಲೇ ಮಾಡಿಸುವ ಅಂತ ತೀರ್ಮಾನ ಆಗಿದೆ."

"ನಾನಾ? ನನಗೆ ಮದುವೆಯೇ ಆಗಲಿಲ್ಲ."

"ಅದನ್ನು ನಾನು ಕೇಳಿದೆ. ಡಾಕ್ಟರ್ ಆದರೆ ನಡೀತದೆ ಅಂದ್ರು."

ಅವಳು ಡಾಕ್ಟರೂ ಅಲ್ಲ. ಪಿಎಚ್‌ಡಿ ಪ್ರಬಂಧ ಇನ್ನೂ ಅನೀಶ ಸರ್ ಅವರ ಮೇಜಿನ ಮೇಲೆ ಅವರ ಮಗಳ ಚಿತ್ರಕಲೆಯ ಪುಸ್ತಕದ ಕೆಳಗೆ ಬಿದ್ದುಕೊಂಡಿದೆ. ಮುಗಿದ ಮೇಲೂ ಅವಳು ಯಾರ ನಾಡಿಯನ್ನೂ ಹಿಡಿಯುವ ಡಾಕ್ಟರಾಗುವುದಿಲ್ಲ. ಇದನ್ನು ಮನೆಯಲ್ಲಿ ಹೇಳಿ ಹೇಳಿ ಅವಳ ಬಾಯಿ ಸೋತಿತ್ತು. ಮೊಟ್ಟೆ ಎಂಬ ಶಬ್ದ ಒಮ್ಮೆ ಡೊಂಬಿವಲಿಯ ಅವರ ಮನೆಯ ಮೆಟ್ಟಿಲಿಳಿದದ್ದೇ ತಡ, ಅವಳು ಮಕ್ಕಳಿಲ್ಲದವರಿಗೆ ಮಕ್ಕಳನ್ನು ಕೊಡುವವಳಾಗಿಬಿಟ್ಟಿದ್ದಳು. ದೀಪಾವಳಿಯ ಹೊತ್ತಿಗೆ ಅಮ್ಮ ಸುಂದರಿ ಅಡಿಗೆಮನೆಯ ಬಾಗಿಲು ಓರೆ ಮಾಡಿ, ಚಕ್ಕುಲಿಯ ಒರಳು ಒತ್ತುತ್ತಲೇ ಸಣ್ಣ ದನಿಯಲ್ಲಿ ಕೇಳಿದ್ದಳು: "ನಿಮ್ಮಲ್ಲಿ ರಾಶಿ ಉಂಟಲ್ಲ ಮೊಟ್ಟೆ. ಒಂದು ತಂದರೆ ಯಾರಿಗೆ ಗೊತ್ತಾಗ್ತದೆ? ಒಳ್ಳೆ ಮನೆತನದ್ದು ನೋಡಿ ತಾ. ನಿನ್ನ ಅಣ್ಣ ರಂಜುಗೆ ಒಂದು ದಾರಿ ಆಗ್ತದೆ." ಅಮ್ಮ, ಅದು ಇಲಿಯದ್ದು ಎಂದಾಗ ಸುಂದರಿಯ ಕೈ ಒರಳ ಮೇಲೇ ನಿಂತಿತ್ತು. ಗಾಬರಿಯಿಂದಲ್ಲ, ನಿರಾಸೆಯಿಂದ. ಇಷ್ಟು ವರ್ಷ ಓದಿಸಿದ್ದು ಇಲಿಗಾಗಿಯೇ ಎನ್ನುವ ಹಾಗೆ ಮಗಳನ್ನು ನೋಡಿ, ಮತ್ತೆ ಒತ್ತಿದ್ದಳು. ಚಕ್ಕುಲಿ ಸೊಟ್ಟಗೆ ಬಿದ್ದಿತ್ತು.

ಫೋನು ಬದಿಗಿಟ್ಟು ಅವಳು ಗಾಜಿನ ಸೂಜಿಯನ್ನು ಮೊಟ್ಟೆಯೊಂದರ ಅಂಚಿಗೆ ತಂದಳು. ಸೂಜಿಯೊಳಗಿದ್ದದ್ದು ದೂತ. ಪುಸ್ತಕದಲ್ಲಿ ಅದಕ್ಕೊಂದು ಉದ್ದದ ಹೆಸರಿದೆ, ಅಂಕಿಯಿದೆ. ಅವಳ ಮನಸ್ಸಿನಲ್ಲಿ ಮಾತ್ರ ಅದು ದೂತನೇ. ಮೊಟ್ಟೆಯೊಳಗೆ ಸುಣ್ಣ ತುಂಬಿಟ್ಟ ಉಗ್ರಾಣಗಳಿರುತ್ತವೆ. ಕ್ಯಾಲ್ಸಿಯಂ ಎನ್ನುವುದನ್ನು ಅವಳು ಒಳಗೊಳಗೆ ಯಾವತ್ತೂ ಸುಣ್ಣವೆಂದೇ ಕರೆದವಳು. ಉಗ್ರಾಣದ ಗೋಡೆಯಲ್ಲಿ ಬಾಗಿಲು. ಬಾಗಿಲ ಕಾಯುವವನಿಗೆ ನಾಲ್ಕು ಕೈ. ನಾಲ್ಕೂ ಕೈಗಳಿಗೆ ಒಬ್ಬೊಬ್ಬ ದೂತ ಬಂದು ಕೂಡಿಕೊಂಡರೆ ಮಾತ್ರ ಬಾಗಿಲು ತೆರೆಯುತ್ತದೆ, ಸುಣ್ಣ ಹರಿಯುತ್ತದೆ, ಮಲಗಿದ ಮೊಟ್ಟೆ ಏಳುತ್ತದೆ. ಸೂಜಿ ಒಳಗೆ ಹೋಯಿತು. ಒಂದು ಕ್ಷಣ ಏನೂ ಇಲ್ಲ. ಆಮೇಲೆ ಒಂದು ಅಂಚಿನಲ್ಲಿ, ಸುಣ್ಣ ಹರಿದ ಗುರುತಾಗಿ, ಹಸಿರು ಬೆಳಕು ಹುಟ್ಟಿ, ಗೋಳದ ತುಂಬ ಹರಡಿ, ಆಚೆಯ ದಡ ಮುಟ್ಟಿ ಆರಿತು. ಸ್ವಲ್ಪ ಹೊತ್ತಿಗೆ ಮತ್ತೆ. ಮತ್ತೆ. ಎಷ್ಟು ಸಲ ನೋಡಿದರೂ ಅವಳಿಗೆ ಅಜ್ಜಿಯ ಬಾಯಿ ನೆನಪಾಗುವುದು. ಅಜ್ಜಿ ವೀಳ್ಯದೆಲೆ-ಅಡಿಕೆ ಜಗಿದು ನಾಲಿಗೆ ಚಾಚಿ ತೋರಿಸುತ್ತಿದ್ದಳು, ನೋಡು ಎಂಥದೂ ಇಲ್ಲ. ಆಮೇಲೆ ಹಿತ್ತಾಳೆಯ ಕರಡಿಗೆಯಿಂದ ಬೆರಳ ತುದಿಯಲ್ಲಿ ಒಂದಿಷ್ಟು ಸುಣ್ಣ. ಮತ್ತೆ ನಾಲಿಗೆ ಚಾಚಿದರೆ ಅಂಚಿನಿಂದ ಅಂಚಿಗೆ ಕೆಂಪು ಓಡುತ್ತಿತ್ತು. ಆ ಕೆಂಪು ಬಾಯಿಯಿಂದಲೇ ಕಥೆ ಹೊರಡುವುದು. ಕಥೆಯಲ್ಲಿ ಕೋಟೆ, ಕೋಟೆಯೊಳಗೆ ಮಲಗಿದ ರಾಣಿ, ಬಿಳಿ ಕುದುರೆ ಏರಿ ಬರುವ ವೀರ. ವೀರನ ಹೆಸರು ಯಾವಾಗಲೂ ರಂಜನ್, ಏಕೆಂದರೆ ಹಾಗಲ್ಲದಿದ್ದರೆ ಅಣ್ಣ ಹಾಲು ಕುಡಿಯುತ್ತಿರಲಿಲ್ಲ. ನಾನು ಯಾರಜ್ಜಿ ಎಂದು ನಿಶ್ಮಿತಾ ಕೇಳಿದರೆ, ನೀನು ಹೂಂಗುಟ್ಟುವವಳು ಮಗಾ, ಹೂಂಗುಟ್ಟುವವರಿಲ್ಲದೆ ಕಥೆ ನಡೆಯುವುದುಂಟಾ ಎನ್ನುತ್ತಿದ್ದಳು. ಅವಳಿಗದು ದೊಡ್ಡ ಪದವಿಯೆಂದೇ ಅನಿಸಿತ್ತು. ಇವತ್ತಿನ ತನಕ ಹೂಂಗುಟ್ಟುತ್ತಲೇ ಇದ್ದಳು.

ಮೊಟ್ಟೆಗಳನ್ನು ಬೆಚ್ಚಗಿನ ಪೆಟ್ಟಿಗೆಗೆ ಸೇರಿಸಿ, ಬೆರಳುಗಳನ್ನು ಮೂಸಿ ನೋಡಿ, ಕೈಯನ್ನು ಎರಡೆರಡು ಸಲ ತೊಳೆದು ಅವಳು ಸ್ಟೇಷನ್ನಿಗೆ ನಡೆದಳು. ಥಾಣೆ ಗಾಡಿಯ ಮಹಿಳೆಯರ ಡಬ್ಬಿ ಅರ್ಧ ಖಾಲಿ. ಕಿಟಕಿಯ ಬಳಿ ಕುಳಿತಳು. ನೆರೂಳ ಬರುವಾಗ ಎಂದಿನಂತೆ ಮುಖವನ್ನು ಆಚೆಯ ಬಾಗಿಲಿಗೆ ತಿರುಗಿಸಿದಳು. ನೆರೂಳದ ಬ್ಯಾಂಕಿನಲ್ಲಿ ಅತ್ತಿಗೆಯ ಕೆಲಸ. ಇವತ್ತು ರಜೆ, ಪ್ಲಾಟ್‌ಫಾರ್ಮಿನಲ್ಲಿ ಅತ್ತಿಗೆ ಇರುವುದಿಲ್ಲ. ಆದರೂ ಕುತ್ತಿಗೆಗೆ ಅಭ್ಯಾಸವಾಗಿ ಹೋಗಿತ್ತು. ಮೊದಲೆಲ್ಲ ಇಬ್ಬರೂ ಒಟ್ಟಿಗೇ ಹೊರಡುತ್ತಿದ್ದರು, ಡೊಂಬಿವಲಿಯಿಂದ ಥಾಣೆ, ಥಾಣೆಯಲ್ಲಿ ಗಾಡಿ ಬದಲಿಸಿ ಈ ದಾರಿ. ಥಾಣೆಯ ಕೋಪರಿಯಲ್ಲಿ ಹುಟ್ಟಿ ಬೆಳೆದ ಸ್ನೇಹಲ್‌ಗೆ ಧಾರವಾಡದ ಕಡೆಯ ಅಪ್ಪ-ಅಮ್ಮ ಕೊಟ್ಟ ಕನ್ನಡ, ಥಾಣೆ ಕೊಟ್ಟ ಹಿಂದಿ. ಎರಡನ್ನೂ ಕಲಸಿ ಮಾತಾಡುವವಳು. ದೀಪಾವಳಿ ಕಳೆದು ಸ್ವಲ್ಪ ದಿನಕ್ಕೆ, ಇದೇ ಡಬ್ಬಿಯ ಕಂಬ ಹಿಡಿದು, ನೂಕುನುಗ್ಗಲಿನ ನಡುವೆ ಯಾರಿಗೂ ಕೇಳಿಸದ ಹಾಗೆ ಹೇಳಿದ್ದಳು.

"ಡಾಕ್ಟರ್ ಏನಂದ್ರು ಗೊತ್ತದ ನಿಶ್ಮಿ? ನನ್ನ ಎಗ್ಸ್ ಸಬ್ ಕೆ ಸಬ್ ಅಚ್ಛೇ ಥೇ. ನಿಮ್ಮಣ್ಣಂದು ಒಂದೊಂದರೊಳಗೂ ಸೂಜಿಲೆ ಹಾಕಿದ್ರಂತ. ಅಂದರ್ ಗಯಾ. ಆದ್ರ ಒಂದೂ ಏಳಲಿಲ್ಲ ನೋಡು. ಒಂದೂ."

ನಿಶ್ಮಿತಾಳಿಗೆ ತನ್ನ ಕತ್ತಲೆ ಕೋಣೆ ಕಣ್ಣೆದುರು ಬಂದಿತ್ತು. ದೂತ ತಾನಾಗಿ ಹೊರಗಿನಿಂದ ಬರುವವನಲ್ಲ. ಗಂಡಿನ ಕಣ ತನ್ನ ತಲೆಯಲ್ಲೊಂದು ಕತ್ತರಿಯನ್ನು ಇಟ್ಟುಕೊಂಡು ಒಳಗೆ ಬರುತ್ತದೆ. ಆ ಕತ್ತರಿ ಮೊಟ್ಟೆಯ ಕೊಬ್ಬನ್ನು ಕತ್ತರಿಸಿದಾಗ ಉದುರುವ ಚೂರೇ ದೂತ. "ಅತ್ತಿಗೆ, ಕೆಲವು ಗಂಡಸರದ್ದರಲ್ಲಿ ಮೊಟ್ಟೆಯನ್ನು ಎಬ್ಬಿಸುವ ಕತ್ತರಿಯೇ ಇರುವುದಿಲ್ಲ. ಎಣಿಕೆ ಎಷ್ಟೇ ಇರಲಿ, ಎಷ್ಟೇ ಚಂದ ಈಜಲಿ. ಖಂಡಿತ ಅದೇ ಅಂತ ನಾನು ಹೇಳಲಿಕ್ಕಾಗದು. ಅಣ್ಣನದ್ದನ್ನು ಪರೀಕ್ಷೆ ಮಾಡಿಸಬೇಕು."

"ಡಾಕ್ಟರೂ ಅದನ್ನ ಅಂದ್ರು. ಅದೇ ಪ್ರಾಬ್ಲೆಮ್ ಇದ್ರ ಹೊರಗಿನಿಂದ ಕ್ಯಾಲ್ಸಿಯಂ ಕೊಟ್ಟು ಎಬ್ಬಿಸಬಹುದು, ಮೊದಲ ಇವರನ್ನ ಕರಕೊಂಡು ಬರ್ರಿ ಅಂದ್ರು. ಇವರು ಡಾಕ್ಟರ್ ಹೇಳಿದ ದಿನ ಬರಲೇ ಇಲ್ಲ. ಮನಿಗೆ ಬಂದು ಏನಂದ್ರು? 'ಎಗ್ ವೀಕ್ ಹೈ.' ಬಸ್. ಈಗ ನಿಮ್ಮಮ್ಮ ಬೇರೆಯವರ ಎಗ್ ಹುಡುಕಾಕ ಹತ್ಯಾರ. ನೀ ಒಮ್ಮೆ ಹೇಳ. ನಿನ್ನ ಮಾತು ಕೇಳ್ತಾರ."

"ಹೇಳ್ತೇನೆ ಅತ್ತಿಗೆ," ಎಂದಿದ್ದಳು ನಿಶ್ಮಿತಾ, ಎಷ್ಟು ಸಲೀಸಾಗಿ! ಅದೂ ಒಂದು ಹೂಂಗುಟ್ಟುವಿಕೆಯೇ. ಅದೇ ಸಂಜೆ ಅಣ್ಣ ರಂಜನ್ ಕಟ್ಟಡದ ಪಾರ್ಕಿಂಗಿನಲ್ಲಿ ಗೆಳೆಯರ ನಡುವೆ ನಿಂತು ತನ್ನ ವೀರ್ಯದ ಎಣಿಕೆಯನ್ನು ಮೊಬೈಲಿನಲ್ಲಿ ತೋರಿಸುತ್ತಿದ್ದ, ಆರ್‌ಸಿಬಿಯ ಸ್ಕೋರು ತೋರಿಸುವ ಹಾಗೆ. ಗೆಳೆಯರು ಅವನ ಭುಜ ತಟ್ಟುತ್ತಿದ್ದರು. ತಂಗಿಯನ್ನು ಕಂಡು, "ಕ್ಯಾ ರೇ ಸೈಂಟಿಸ್ಟ್, ಊಟ ಆಯ್ತಾ?" ಎಂದು ಅವಳ ಚೀಲವನ್ನು ತಾನೇ ಎತ್ತಿಕೊಂಡು ಮೆಟ್ಟಿಲು ಹತ್ತಿದ್ದ. ಅವನು ಕೆಟ್ಟವನಾಗಿದ್ದರೆ ಎಷ್ಟು ಸುಲಭವಿತ್ತು. ಚೀಲ ಹೊತ್ತ ಅವನ ಬೆನ್ನಿನ ಹಿಂದೆ ಹತ್ತುತ್ತ ಅವಳು, ನಾಳೆ ಹೇಳುವ, ಎಂದುಕೊಂಡಳು. ಮರುದಿನದಿಂದ ಅತ್ತಿಗೆಗಿಂತ ಮುಂಚಿನ ಗಾಡಿ ಹಿಡಿಯತೊಡಗಿದಳು. ಲ್ಯಾಬಿನಲ್ಲಿ ಕೆಲಸ ಜಾಸ್ತಿ ಎಂದಳು. ಮುಂಚಿನ ಗಾಡಿಯಲ್ಲಿ ಕುಳಿತುಕೊಳ್ಳಲು ಜಾಗವೂ ಸಿಗುತ್ತಿತ್ತು. ಹಾಗೆ ಸಿಕ್ಕ ಜಾಗದಲ್ಲಿ ಕಣ್ಣು ಮುಚ್ಚಿ ಕುಳಿತು, ಜಗತ್ತಿನ ಹೆಣ್ಣುಮಕ್ಕಳಿಗೆಲ್ಲ ತಾನು ಮುಂದೆ ಮಾಡಲಿರುವ ಉಪಕಾರದ ಕನಸು ಕಾಣುತ್ತಿದ್ದಳು. ನಾಳೆ ಸೋಮವಾರ. ನಾಳೆ ಅಮ್ಮ ಸ್ನೇಹಲ್‌ಳನ್ನು ಥಾಣೆಯ ಕ್ಲಿನಿಕ್ಕಿಗೆ ಕರೆದೊಯ್ದು ಬೇರೆಯವರ ಮೊಟ್ಟೆಯ ಮಾತು ಮುಗಿಸುವವಳಿದ್ದಾಳೆ. ಅಲ್ಲಿ ಸ್ನೇಹಲ್ ಒಪ್ಪಿ ಸಹಿ ಹಾಕಿದರೆ, ಮೊಟ್ಟೆ ಸರಿಯಿಲ್ಲದವಳು ಎಂದು ಅವಳೇ ಒಪ್ಪಿಕೊಂಡ ಹಾಗೆ. ಆ ಇನ್ನೊಬ್ಬಳ ಮೊಟ್ಟೆಯೂ ಏಳದೆ ಹೋದರೆ? ಆಗ ಅದಕ್ಕೂ ಒಂದು ಮನೆತನದ ದೋಷ ಸಿಕ್ಕೀತು.

ಡೊಂಬಿವಲಿ ಪೂರ್ವದ ಆ ಸಭಾಗೃಹದ ಬಾಗಿಲಲ್ಲೇ ಅವಳಿಗೆ ಅವಳದೇ ಮುಖ ಎದುರಾಯಿತು. ಆಳೆತ್ತರದ ಬ್ಯಾನರಿನಲ್ಲಿ ಅವಳ ಕೊರಳಿಗೆ ಯಾರದೋ ಸ್ಟೆತಸ್ಕೋಪು ಅಂಟಿಸಿ, ಕೆಳಗೆ, 'ಬಂಜೆತನಕ್ಕೆ ಸವಾಲು, ನಮ್ಮ ಹೆಮ್ಮೆಯ ಡಾ. ನಿಶ್ಮಿತಾ' ಎಂದು ಮುದ್ರಿಸಿದ್ದರು. ಅರಸಿನ-ಕುಂಕುಮದ ತಟ್ಟೆ ಹಿಡಿದ ಹೆಂಗಸು ಅವಳ ಹಣೆಗೆ ಕುಂಕುಮ ಇಟ್ಟು, ಅರಸಿನಕ್ಕೆ ಬೆರಳದ್ದಿ, ಕತ್ತಿನಲ್ಲಿ ಕರಿಮಣಿ ಹುಡುಕಿ, ಕಾಣದೆ, ಆ ಬೆರಳನ್ನು ತನ್ನ ಸೆರಗಿಗೇ ಒರಸಿಕೊಂಡಳು. ಬಂದ ಮುತ್ತೈದೆಯರಿಗೆಲ್ಲ ಒಂದೊಂದು ಸ್ಟೀಲಿನ ಡಬ್ಬಿ. ಇವಳಿಗೆ ಒಂದು ಎಳ್ಳುಂಡೆ.

"ಬಾ ಬಾ ಡಾಕ್ಟರವ್ವಾ! ಎಷ್ಟೊತ್ತಾತು ದಾರಿ ಕಾಯಾಕತ್ತಿ!" ಕನ್ನಡ ಸಂಘದ ಮಹಿಳಾ ವಿಭಾಗದ ಅಧ್ಯಕ್ಷೆ ನೀಲಗಂಗಾ ಅವಳ ರಟ್ಟೆ ಹಿಡಿದು ಎಳೆದರು. "ನಿಮ್ಮವ್ವ ಹೇಳ್ಯಾಳಿಲ್ಲ? ವೇದಿಕಿ ಮ್ಯಾಲ ತತ್ತಿ ಅನಬ್ಯಾಡ. ನಮ್ಮ ಯಜಮಾನ್ರು ವೀರಭದ್ರಪ್ಪನವರು ಮುಂದಿನ ಸಾಲಿನ್ಯಾಗ ಕುಂತಾರ, ಅವರಿಗೆ ಹೆಸರು ಕೇಳಿದ್ರ ಹೊಟ್ಟಿ ತೊಳಸ್ತದ. ಗಂಡಸರದ್ದೂ ಏನೂ ಹೇಳಬ್ಯಾಡ. ಅವೆರಡು ಬಿಟ್ಟು ಎಲ್ಲಾ ಹೇಳು, ಸವಿಸ್ತಾರ ಹೇಳು!"

ವೇದಿಕೆಗೆ ಹೋಗುವ ದಾರಿಯಲ್ಲಿ ಒಬ್ಬರು ಥೈರಾಯ್ಡಿಗೆ ಔಷಧಿ ಕೇಳಿದರು, ಒಬ್ಬರು ಮಂಡಿ ತೋರಿಸಿದರು, ಮತ್ತೊಬ್ಬರು ಕಿವಿಗೆ ಬಾಯಿಟ್ಟು, ಸೊಸೆಗೆ ಗಂಡೇ ಆಗುವ ಹಾಗೆ ಈಗ ಏನೋ ಬಂದಿದೆಯಂತಲ್ಲ ಎಂದರು. ಎಲ್ಲರಿಗೂ ಅವಳು ತಲೆಯಾಡಿಸಿದಳು. ವೇದಿಕೆಯ ನಡುವೆ, ಹೂಮಾಲೆ ಸುತ್ತಿದ ಕುರ್ಚಿಯಲ್ಲಿ, ಹಸಿರು ಸೀರೆಯ ಸ್ನೇಹಲ್ ಕುಳಿತಿದ್ದಳು. ಸೆರಗನ್ನು ಹರಡಿ ಉಡಿ ಮಾಡಿ ಕೂರಿಸಿದ್ದರು. ಕಣ್ಣು ಮಾತ್ರ ಎದುರಿನ ಗೋಡೆಯ ಗಡಿಯಾರದ ಮೇಲೆ, ಗಾಡಿ ತಡವಾದಾಗ ಪ್ಲಾಟ್‌ಫಾರ್ಮಿನಲ್ಲಿ ನೋಡುವ ಹಾಗೆ. ಮುಂದಿನ ಸಾಲಿನಲ್ಲಿ ಅಮ್ಮ, ಪಕ್ಕದಲ್ಲಿ ರಂಜನ್. ಹೊಸ ಕುರ್ತಾ ತೊಟ್ಟು, ಮೊಬೈಲು ಎತ್ತಿ ಹಿಡಿದು, ತಂಗಿಗೆ ಹೆಬ್ಬೆರಳು ತೋರಿಸುತ್ತಿದ್ದ.

ನಿಶ್ಮಿತಾ ಮೈಕು ಹಿಡಿದಳು. "ಎಲ್ಲರಿಗೂ ನಮಸ್ಕಾರ. ಪ್ರತಿಯೊಂದು..." ಎಂದು ಶುರುಮಾಡಿದಳು. ಮುಂದಿನ ಶಬ್ದ ಮೊಟ್ಟೆಯೇ ಆಗಬೇಕಿತ್ತು. ನೀಲಗಂಗಾ ಕಣ್ಣರಳಿಸಿದರು. ವೀರಭದ್ರಪ್ಪನವರು ಮುಂಜಾಗ್ರತೆಯಾಗಿ ಕರವಸ್ತ್ರ ತೆಗೆದರು. ಅವಳು ಸ್ನೇಹಲ್‌ಳ ಕಡೆ ನೋಡಿದಳು. ಸ್ನೇಹಲ್ ಗಡಿಯಾರದಿಂದ ಕಣ್ಣು ಕೀಳಲಿಲ್ಲ. ಹೇಳಲು ಏನನ್ನೂ ಉಳಿಸದೆ ಎಲ್ಲರೂ ಅವಳ ಶಬ್ದಗಳನ್ನು ಕಸಿದುಕೊಂಡ ಮೇಲೆ, ಬಾಯಲ್ಲಿ ಉಳಿದದ್ದು ಅಜ್ಜಿ ಮಾತ್ರ.

"ಪ್ರತಿಯೊಂದು ಊರಿಗೂ ಒಂದು ಕೋಟೆ ಇರ್ತದೆ," ಎಂದಳು. ದನಿ ತನ್ನದಲ್ಲವೆನಿಸಿತು. "ನಮ್ಮ ಅಜ್ಜಿಯ ಕಥೆಯ ಕೋಟೆಯಲ್ಲಿ ರಾಣಿ ಮಲಗಿದ್ದಾಳೆ. ರೋಗ ಅಲ್ಲ, ನಿದ್ದೆ. ದೀಪಕ್ಕೆ ಎಣ್ಣೆ ಉಂಟು, ಉಗ್ರಾಣದಲ್ಲಿ ಸುಣ್ಣ ಉಂಟು. ಆ ಸುಣ್ಣ ಗೋಡೆಗೋಡೆಗೆ ಹರಿದರೆ ರಾಣಿ ಎದ್ದು ಕೂರ್ತಾಳೆ. ಆದರೆ ಉಗ್ರಾಣದ ಬಾಗಿಲು ಕಾಯುವವನಿಗೆ ನಾಲ್ಕು ಕೈ. ನಾಲ್ಕು ಕೈಯನ್ನೂ ನಾಲ್ಕು ದೂತರು ಬಂದು ಹಿಡಿಯದೆ ಅವನು ತೆಗೆಯುವುದಿಲ್ಲ. ದೂತರು ಎಲ್ಲಿಂದ ಬರಬೇಕು? ಕೋಟೆಯೊಳಗೇ ರೇಷ್ಮೆಯ ಪರದೆ ಉಂಟು. ಅದನ್ನು ಕತ್ತರಿಸಿದರೆ ಒಂದೊಂದು ಚೂರೂ ಒಬ್ಬೊಬ್ಬ ದೂತನಾಗಿ ಓಡ್ತದೆ. ಕತ್ತರಿ ಮಾತ್ರ ರಾಣಿಯ ಹತ್ತಿರ ಇಲ್ಲ. ಅದನ್ನು ಹೊರಗಿನಿಂದ ಬರುವ ವೀರ ಸೊಂಟದಲ್ಲಿ ಸಿಕ್ಕಿಸಿಕೊಂಡು ತರಬೇಕು."

ಹಿಂದಿನ ಸಾಲಿನಲ್ಲಿ ಯಾರೋ ಮುದುಕಿ, "ಹೂಂ," ಎಂದಳು. ಅಭ್ಯಾಸಬಲದಿಂದಲೇ ಎಂದಿರಬೇಕು. ಆ ಹೂಂ ನಿಶ್ಮಿತಾಳ ಬೆನ್ನನ್ನು ಹಿಂದಿನಿಂದ ಹಿಡಿದು ನಿಲ್ಲಿಸಿತು. ಇಷ್ಟು ವರ್ಷ ತಾನು ಕೊಟ್ಟದ್ದನ್ನು ಯಾರೋ ಹಿಂದಿರುಗಿಸಿದ ಹಾಗೆ.

"ವೀರ ಬಂದ. ಬಿಳಿ ಕುದುರೆ, ಬ್ಯಾಂಡು, ಹಿಂದೆ ಲೆಕ್ಕ ಹಿಡಿಯಲಿಕ್ಕಾಗದಷ್ಟು ಸೈನ್ಯ. ಕೋಟೆಯೊಳಗೂ ಹೊಕ್ಕ. ಆದರೆ ರಾಣಿ ಏಳಲಿಲ್ಲ. ಆಗ ಊರಿನವರು ಏನು ಹೇಳಿದ್ರು? ರಾಣಿ ಸರಿ ಇಲ್ಲ ಅಂತ ಹೇಳಿದ್ರು. ಬೇರೆ ರಾಣಿಯನ್ನು ತರುವ ಅಂತ ಹೇಳಿದ್ರು. ಕತ್ತರಿ ತಂದಿದ್ದೀಯಾ ಮಾರಾಯ, ಅಂತ ಅವನ ಸೊಂಟವನ್ನು ಒಬ್ಬರಾದರೂ ಮುಟ್ಟಿ ನೋಡ್ಲಿಲ್ಲ. ಅವನ ಕುದುರೆ ಅಷ್ಟು ಬಿಳಿ. ಇಲ್ಲದಿದ್ದರೆ ಒಂದು ಕತ್ತರಿ ಬೇರೆ ಕಡೆಯಿಂದ ತರಿಸಬಹುದಿತ್ತು. ಇಲ್ಲ ಅಂತ ಮೊದಲು ಅವನು ಹೇಳಬೇಕಲ್ಲ?"

"ಆ ಹುಡುಗನ ಹೆಸರೇನವಾ?" ಮುದುಕಿ ಕೂಗಿ ಕೇಳಿದಳು. ಕಥೆ ಕೇಳುವವರಿಗೆ ಹೆಸರು ಬೇಕೇ ಬೇಕು.

ಇಲ್ಲಿ ನಿಶ್ಮಿತಾ ಸುಳ್ಳು ಹೇಳಬಹುದಿತ್ತು. ರಾಜಕುಮಾರ ಎಂದರೆ ಸಾಕಿತ್ತು. ನಾಳೆ ಬೆಳಿಗ್ಗೆ ಮುಂಚಿನ ಗಾಡಿ ಇದ್ದೇ ಇತ್ತು. ಆದರೆ ನಾಲಿಗೆಯ ಮೇಲೆ ಸುಣ್ಣ ತಗುಲಿದ ಹಾಗೆ ಚುರುಕ್ಕೆಂದಿತು. "ಅಜ್ಜಿ ಹೇಳುವಾಗ," ಎಂದಳು, "ಅವನ ಹೆಸರು ಯಾವಾಗಲೂ ರಂಜನ್."

ಸಭೆ ಅಕ್ಕರೆಯಿಂದ ನಕ್ಕಿತು. ನೀಲಗಂಗಾ ಚಪ್ಪಾಳೆ ತಟ್ಟಿ, "ನೋಡ್ರಿ, ಅಣ್ಣನ ಮ್ಯಾಲ ಎಷ್ಟ್ ಮಾಯೆ!" ಎಂದರು. ರಂಜನ್ ಎದ್ದು ನಿಂತು ಹಿಂದಿನ ಸಾಲುಗಳಿಗೂ ಕಾಣುವಂತೆ ಕೈಬೀಸಿದ. ಒಂದು ತತ್ತಿಯ ಹೆಸರಿಲ್ಲದೆ ಭಾಷಣ ಮುಗಿಯಿತೆಂದು ವೀರಭದ್ರಪ್ಪನವರು ಕರವಸ್ತ್ರ ಮಡಚಿದರು. ಅಮ್ಮ ಮಾತ್ರ ನಗುತ್ತಿದ್ದವಳು ಅರ್ಧಕ್ಕೇ ನಿಲ್ಲಿಸಿ, ಮಗನ ಸೊಂಟದ ಕಡೆ ನೋಡಿದ ಹಾಗಾಯಿತು. ಅಥವಾ ನಿಶ್ಮಿತಾಳಿಗೆ ಹಾಗೆ ಕಂಡಿತು. ಅಷ್ಟರಲ್ಲಿ ಯಾರೋ ತೆಂಗಿನಕಾಯಿ, ರವಿಕೆ ಕಣ, ಅಕ್ಕಿ ಇದ್ದ ತಟ್ಟೆಯನ್ನು ಅವಳ ಕೈಗೆ ಕೊಟ್ಟರು. ಅವಳು ಬಾಗಿ ಒಂದೊಂದಾಗಿ ಎಲ್ಲವನ್ನೂ ಅತ್ತಿಗೆಯ ಉಡಿಗೆ ತುಂಬಿದಳು. ಎಷ್ಟೋ ದಿನಗಳ ನಂತರ ಇಬ್ಬರ ಕಣ್ಣೂ ಇಷ್ಟು ಹತ್ತಿರ ಬಂದಿದ್ದವು.

"ಇಷ್ಟು ದಿನಾ? ಇತನಾ ಟೈಮ್ ಲಗಾಯಾ," ಸ್ನೇಹಲ್ ತುಟಿಯಲ್ಲೇ ಅಂದಳು.

ಆಮೇಲೆ ಎದ್ದಳು. ಉಡಿ ತುಂಬಿಸಿಕೊಂಡವಳು ಏಳುವ ಕ್ರಮ ಇನ್ನೂ ಬಂದಿರಲಿಲ್ಲ, ಆರತಿ ಬಾಕಿಯಿತ್ತು. ಸೆರಗಿನ ಗಂಟು ಹಿಡಿದು ವೇದಿಕೆಯ ಮೆಟ್ಟಿಲಿಳಿದು, ನೇರ ಮುಂದಿನ ಸಾಲಿಗೆ ಬಂದು, ಕಾಯಿ, ಕಣ, ಅಕ್ಕಿ ಅಷ್ಟನ್ನೂ ರಂಜನ್‌ನ ಹೊಸ ಕುರ್ತಾದ ಮಡಿಲಿಗೆ ಸುರಿದಳು.

"ನಾಳೆ ಕ್ಲಿನಿಕ್ಕಿಗೆ ನಾ ಒಬ್ಬಾಕಿ ಬರಂಗಿಲ್ಲ," ಎಂದಳು, ಬ್ಯಾಂಕಿನ ಕಿಟಕಿಯಾಚೆ ನಿಂತವರಿಗೆ ಹೇಳುವಷ್ಟೇ ಶಾಂತವಾಗಿ. "ಮೊದಲ ನಿಮ್ಮ ಕತ್ತರಿ ನೋಡೋಣಂತ."

ಫೋಟೋ ತೆಗೆಯುತ್ತಿದ್ದ ಭೀಮುವಿಗೆ ಕನ್ನಡ ಅಷ್ಟಕ್ಕಷ್ಟೇ. ಇದೂ ಒಂದು ಶಾಸ್ತ್ರವೆಂದು ತಿಳಿದು ಮುಂದೆ ಬಂದು, "ಭಾಯ್‌ಸಾಬ್, ನಾರಿಯಲ್ ಥೋಡಾ ಊಪರ್," ಎಂದ. ಕ್ಯಾಮೆರಾ ಕಂಡರೆ ಹೇಳಿದ ಹಾಗೆ ಕೇಳಿ ರೂಢಿಯಿದ್ದ ರಂಜನ್ ಕಾಯಿಯನ್ನು ಎದೆಯ ಮಟ್ಟಕ್ಕೆ ಎತ್ತಿದ, ನಗಲೂ ನೋಡಿದ. ಬೆಳಕು ಮಿಂಚಿತು. ಆಗ ಹಿಂದಿನ ಸಾಲಿನ ಆ ಮೂಲೆಯಲ್ಲಿ, ಹೂಂಗುಟ್ಟಿದ ಮುದುಕಿಯ ಬಳಿ, ಒಂದು ನಗೆ ಹುಟ್ಟಿತು. ಅದು ಪಕ್ಕದವಳಿಗೆ ತಾಗಿತು, ಅವಳಿಂದ ಮುಂದಿನ ಸಾಲಿಗೆ, ಅಲ್ಲಿಂದ ಇನ್ನೊಂದಕ್ಕೆ. ಸ್ಟೀಲಿನ ಡಬ್ಬಿ ಬಾಯಿಗೆ ಅಡ್ಡ ಹಿಡಿದುಕೊಂಡು, ಸೆರಗು ಕಚ್ಚಿಕೊಂಡು, ಹೆಂಗಸರ ಸಾಲು ಸಾಲುಗಳೇ ಅಲುಗಿದವು. ಅಲೆ ಮುಂದಿನ ತನಕ ಬಂದು ಆರಿತು. ಸ್ವಲ್ಪ ಹೊತ್ತಿಗೆ ಅದೇ ಮೂಲೆಯಿಂದ ಮತ್ತೆ ಎದ್ದಿತು. ಖಾಲಿ ತಟ್ಟೆ ಹಿಡಿದು ವೇದಿಕೆಯ ಮೇಲೆ ನಿಂತ ನಿಶ್ಮಿತಾ ನೋಡುತ್ತಿದ್ದಳು. ಅಮ್ಮನ ಕುರ್ಚಿಯ ಹತ್ತಿರ ಬಂದು ಅಲೆ ನಿಂತುಬಿಡುತ್ತಿತ್ತು. ಸುಂದರಿ ನಗಲಿಲ್ಲ. ಸೊಸೆಯನ್ನು ನೋಡಿದಳು, ವೇದಿಕೆಯ ಮೇಲಿನ ಮಗಳನ್ನು ನೋಡಿದಳು, ಮುಖವೆಲ್ಲ ಕೆಂಪಾದ ಮಗನನ್ನು ನೋಡಿದಳು. ರಂಜನ್ ಕಾಯಿಯನ್ನು ಮೆಲ್ಲಗೆ ಕುರ್ಚಿಯ ಕೆಳಗೆ ಸರಿಸಲು ಬಾಗಿದ್ದ. ಸುಂದರಿಯ ಕೈ ತಟ್ಟನೆ ಅವನ ಮಣಿಕಟ್ಟನ್ನು ಹಿಡಿಯಿತು.

"ನೆಲಕ್ಕೆ ಇಡ್ಬೇಡ ರಂಜು," ಎಂದಳು. "ಉಡಿಗೆ ಬಿದ್ದ ಕಾಯಿ ನೆಲಕ್ಕೆ ಇಡುವ ಕ್ರಮ ಇಲ್ಲ. ನಾಳೆ ಅದನ್ನು ಹಿಡ್ಕೊಂಡೇ ನಡಿ."